ಬೆಸ್ ದೇವರ ದ್ವೀಪದಲ್ಲಿ ಮಕ್ಕಳೊಂದಿಗೆ

ಕಿರುಬೆರಳ ಉಗುರಿಗಿಂತ ತುಸು ದೊಡ್ಡದಾದ ಕಂಚಿನ ನಾಣ್ಯ. ಅದರ ಮೇಲೆ ಗಿಡ್ಡ ಕಾಲಿನ, ಪೊದೆಗಡ್ಡದ ಕುಳ್ಳ ದೇವರೊಬ್ಬ ನೇರ ಮುಖ ಮಾಡಿ ನಿಂತಿದ್ದಾನೆ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹಾವು. ಹೆಸರು ಬೆಸ್. ಈಜಿಪ್ಟಿನಿಂದ ಬಂದ ಈ ದೇವರು ಬಾಣಂತಿಯರನ್ನೂ ಹಸುಗೂಸುಗಳನ್ನೂ ಕಾಯುವವನು, ಮನೆಯೊಳಗೆ ಹಾವು ಬಾರದಂತೆ ನೋಡಿಕೊಳ್ಳುವವನು. ಕುಣಿತಕ್ಕೂ ವಾದ್ಯಕ್ಕೂ ಇವನೇ ಒಡೆಯ. ಪ್ರಾಚೀನ ಇತಿಹಾಸಕಾರರ ಲೆಕ್ಕದಂತೆ ಕ್ರಿ.ಪೂ. 654ರಲ್ಲಿ ಮೆಡಿಟರೇನಿಯನ್ನಿನ ಒಂದು ದ್ವೀಪದಲ್ಲಿ ನೆಲೆ ಹೂಡಿದ ಫಿನಿಷಿಯನ್ ವರ್ತಕರು ಅದನ್ನು ಇಬೋಸಿಮ್ ಎಂದು ಕರೆದರು. ಅದರ ಅರ್ಥ ಬೆಸ್ ದೇವರ ದ್ವೀಪ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಆ ಹೆಸರು ಬಾಯಿಂದ ಬಾಯಿಗೆ ಸವೆದು ಇಂದಿನ ಇಬಿಜಾ ಆಗಿದೆ.

ಆ ದೇವರ ಅರ್ಧ ಕೆಲಸ ಮಾತ್ರ ಈಗ ಲೋಕಪ್ರಸಿದ್ಧ. ಕುಣಿತದ್ದು. ಉಳಿದರ್ಧ, ಮಕ್ಕಳನ್ನು ಕಾಯುವುದು, ಯಾರಿಗೂ ನೆನಪಿಲ್ಲ. ರಾತ್ರಿಯಿಡೀ ತೆರೆದಿರುವ ಡಾನ್ಸ್ ಕ್ಲಬ್‌ಗಳ ಹೆಸರು ಕೇಳಿಯೇ ಎಷ್ಟೋ ಕುಟುಂಬಗಳು ಇಬಿಜಾವನ್ನು ಪಟ್ಟಿಯಿಂದ ಹೊಡೆದುಹಾಕುತ್ತವೆ. ಅದು ದೊಡ್ಡ ನಷ್ಟ. ತಂಗುವ ಊರು ಮತ್ತು ಹೋಗುವ ತಿಂಗಳು, ಈ ಎರಡನ್ನು ಸರಿಯಾಗಿ ಆರಿಸಿಕೊಂಡರೆ ಯುರೋಪಿನಲ್ಲಿ ಮಕ್ಕಳನ್ನು ಕರೆದೊಯ್ಯಲು ಇಷ್ಟು ಹಗುರವಾದ, ಇಷ್ಟು ವೈವಿಧ್ಯವುಳ್ಳ ಜಾಗಗಳು ಕಡಿಮೆ.

ದ್ವೀಪ ದೊಡ್ಡದೇನಲ್ಲ. ವಿಸ್ತೀರ್ಣ ಸುಮಾರು 570 ಚದರ ಕಿಲೋಮೀಟರ್, ಬೆಂಗಳೂರು ಮಹಾನಗರಕ್ಕಿಂತ ಚಿಕ್ಕದು. ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಒಂದು ಗಂಟೆ ಸಾಕು. ಅದು ಸ್ಪೇನಿನ ಬಾಲಿಯಾರಿಕ್ ದ್ವೀಪಸಮೂಹದ ಒಂದು ಭಾಗ. ಮಯೋರ್ಕಾ, ಮೆನೋರ್ಕಾ, ಫೊರ್ಮೆಂತೇರಾ ಉಳಿದ ಮುಖ್ಯ ದ್ವೀಪಗಳು. ಅಲ್ಲಿನವರ ಮಾತು ಸ್ಪ್ಯಾನಿಷ್ ಜೊತೆಗೆ ಕಟಲಾನ್. ರಸ್ತೆ ಫಲಕಗಳಲ್ಲಿ ಇಬಿಜಾ ಎಂಬ ಹೆಸರಿನ ಬದಲು ಎಯ್ವಿಸ್ಸಾ ಎಂಬ ಕಟಲಾನ್ ಹೆಸರು ಕಂಡರೆ ಗಾಬರಿ ಬೇಡ, ಊರು ಅದೇ. ಹಾಗೆಯೇ ಸಾನ್ ಆಂತೋನಿಯೋ ಎಂಬ ಊರು ಫಲಕದ ಮೇಲೆ ಸಾಂತ್ ಆಂತೋನಿ ಆಗಿರುತ್ತದೆ.

ಮೊದಲು ಗದ್ದಲ ಎಲ್ಲಿದೆ ಎಂಬುದನ್ನು ನಕಾಶೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಇಬಿಜಾ ಪಟ್ಟಣದ ದಕ್ಷಿಣಕ್ಕಿರುವ ಪ್ಲಾಯಾ ದೆನ್ ಬೊಸ್ಸಾ ಎಂಬ ಉದ್ದನೆಯ ದಂಡೆಯಲ್ಲಿ ಉಶುವಾಯಾ ಮತ್ತು ಹಾಯ್ ಎಂಬ ಎರಡು ದೊಡ್ಡ ಕ್ಲಬ್‌ಗಳಿವೆ. ವಿಮಾನಗಳೂ ಅದೇ ದಂಡೆಯ ನೆತ್ತಿಯ ಮೇಲೆ ಹಾರುತ್ತವೆ. ಪಟ್ಟಣದ ಬಂದರಿನ ಬಳಿ 1973ರಿಂದ ನಡೆಯುತ್ತಿರುವ ಪಾಚಾ ಇದೆ. ದ್ವೀಪದ ನಡುಮಧ್ಯೆ ಸಾನ್ ರಾಫಾಯೆಲ್ ಹಳ್ಳಿಯ ಹೊರಗೆ ಅಮ್ನೇಸಿಯಾ. ಪಶ್ಚಿಮದಲ್ಲಿ ಸಾನ್ ಆಂತೋನಿಯೋ ಊರಿನ ವೆಸ್ಟ್ ಎಂಡ್ ಎಂಬ ನಾಲ್ಕಾರು ಬೀದಿಗಳು ಅಗ್ಗದ ಬಾರುಗಳಿಗೆ ಹೆಸರಾಗಿವೆ. ಅಲ್ಲಿನ ಕುಡಿತದ ಹಾವಳಿ ತಡೆಯಲೆಂದೇ 2020ರಲ್ಲಿ ಪ್ರಾದೇಶಿಕ ಸರ್ಕಾರ ವಿಶೇಷ ಕಾನೂನು ತಂದಿತು. ಆ ವಲಯದ ಅಂಗಡಿಗಳಲ್ಲಿ ರಾತ್ರಿ 9.30ರ ನಂತರ ಮದ್ಯ ಮಾರುವಂತಿಲ್ಲ. ಮಕ್ಕಳಿದ್ದವರು ಈ ನಾಲ್ಕು ಜಾಗಗಳ ಪಕ್ಕ ಕೋಣೆ ಹಿಡಿಯದಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ದೊಡ್ಡ ಕ್ಲಬ್‌ಗಳ ಬಾಗಿಲು ತೆರೆಯುವುದು ಹೆಚ್ಚಾಗಿ ಮಧ್ಯರಾತ್ರಿ, ಮುಚ್ಚುವುದು ಬೆಳಗಿನ ಆರಕ್ಕೆ. ಕುಣಿದು ದಣಿದವರು ಹಾಸಿಗೆ ಸೇರುವ ಹೊತ್ತಿಗೆ ಮಕ್ಕಳು ಎದ್ದು ಸಮುದ್ರ ಕೇಳುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಆಗಸ್ಟ್ ತಿಂಗಳಲ್ಲೂ ದಂಡೆಗಳು ಬಹುಪಾಲು ಕುಟುಂಬಗಳದ್ದೇ.

ತಂಗಲು ಮೊದಲ ಆಯ್ಕೆ ಪೂರ್ವ ಕರಾವಳಿಯ ಸಾಂತಾ ಎವುಲಾರಿಯಾ. ಇಬಿಜಾ ಪಟ್ಟಣದಿಂದ ಸುಮಾರು 15 ಕಿಲೋಮೀಟರ್. ಇಲ್ಲಿ ಹರಿಯುವುದು ಇಡೀ ಬಾಲಿಯಾರಿಕ್ ದ್ವೀಪಗಳ ಏಕೈಕ ನದಿ ಎಂಬ ಹೆಮ್ಮೆ ಊರಿನವರಿಗಿದೆ, ಬೇಸಿಗೆಯಲ್ಲಿ ಅದು ಬಡಕಲಾದರೂ. ಮೆಲ್ಲನೆ ಆಳವಾಗುವ ಮರಳ ದಂಡೆ, ಕೈಗಾಡಿ ತಳ್ಳಿಕೊಂಡು ನಡೆಯಬಹುದಾದ ಸಮುದ್ರದಂಚಿನ ಕಾಲುದಾರಿ, ಔಷಧದಂಗಡಿ, ದಿನಸಿ ಅಂಗಡಿ ಎಲ್ಲವೂ ಹತ್ತಿರ. ಊರ ನೆತ್ತಿಯಲ್ಲಿ ಪುಚ್ ದೆ ಮಿಸ್ಸಾ ಎಂಬ ಗುಡ್ಡ, ಅದರ ಮೇಲೆ ಸುಣ್ಣ ಬಳಿದ ಬಿಳಿ ಚರ್ಚು. ಅದನ್ನು ದಿಟ್ಟಿಸಿ ನೋಡಿದರೆ ಒಂದು ಪಕ್ಕ ಕೋಟೆಯ ಬುರುಜಿನಂತೆ ಉಬ್ಬಿಕೊಂಡಿದೆ. ಕಡಲ್ಗಳ್ಳರು ದಾಳಿಯಿಟ್ಟಾಗ ಹಳ್ಳಿಯ ಜನ ಓಡಿಬಂದು ಇದರೊಳಗೆ ಅಡಗುತ್ತಿದ್ದರು. ಪ್ರಾರ್ಥನೆಗೂ ರಕ್ಷಣೆಗೂ ಒಂದೇ ಕಟ್ಟಡ.

ಇನ್ನೂ ಚಿಕ್ಕ ಮಕ್ಕಳಿದ್ದರೆ ಅಲ್ಲೇ ಸಮೀಪದ ಕಾಲಾ ಲ್ಯೋಂಗಾ ಒಳ್ಳೆಯದು. ಎರಡು ಗುಡ್ಡಗಳ ನಡುವೆ ಒಳಕ್ಕೆ ಚಾಚಿದ ಕೊಲ್ಲಿ, ನೀರು ಬಹುದೂರದವರೆಗೆ ಮೊಣಕಾಲುದ್ದ. ಉತ್ತರದ ತುದಿಯ ಪೋರ್ತಿನಾಚ್, ನೈಋತ್ಯದ ಕಾಲಾ ವೆದೆಲ್ಲಾ ಕೂಡ ಕುಟುಂಬಗಳ ಊರುಗಳೇ. ಕಾರಿಲ್ಲದವರಿಗೆ ತಾಲಾಮಾಂಕಾ ಅನುಕೂಲ, ಅಲ್ಲಿಂದ ಇಬಿಜಾ ಪಟ್ಟಣದ ಕೋಟೆಗೆ ನಡೆದೇ ಹೋಗಬಹುದು. ಆಗುವಾಸ್ ಬ್ಲಾಂಕಾಸ್ ಮತ್ತು ಎಸ್ ಕವಲೆಟ್ ದಂಡೆಗಳು ಬಟ್ಟೆಯಿಲ್ಲದೆ ಸ್ನಾನ ಮಾಡುವವರ ಜಾಗಗಳೆಂದು ಹಿಂದಿನಿಂದಲೂ ಹೆಸರಾಗಿವೆ. ಮುಜುಗರ ಬೇಡವೆನ್ನುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ತಿಂಗಳ ವಿಚಾರದಲ್ಲಿ ಕರ್ನಾಟಕದ ಶಾಲಾ ರಜೆ ಇಬಿಜಾಕ್ಕೆ ಚೆನ್ನಾಗಿ ಹೊಂದುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ದ್ವೀಪದ ಬಹುಪಾಲು ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಮೇ ತಿಂಗಳಲ್ಲಿ ಎಲ್ಲ ತೆರೆಯುತ್ತವೆ, ಜನ ಇನ್ನೂ ತುಂಬಿರುವುದಿಲ್ಲ, ಬಿಸಿಲು ಹಿತವಾಗಿರುತ್ತದೆ. ಒಂದೇ ಕೊರತೆ ಎಂದರೆ ಸಮುದ್ರ ತಣ್ಣಗಿರುತ್ತದೆ, 18 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅರಬ್ಬಿ ಸಮುದ್ರದ ಬೆಚ್ಚನೆಯ ನೀರಿಗೆ ಒಗ್ಗಿದ ಮಕ್ಕಳು ಮೊದಲ ದಿನ ಚೀರುತ್ತಾರೆ. ಈಜುಕೊಳದ ನೀರು ಬಿಸಿ ಮಾಡುವ ಹೋಟೆಲು ಹುಡುಕಿದರೆ ಇದಕ್ಕೆ ಪರಿಹಾರ. ದಸರಾ ರಜೆಯಲ್ಲಿ ಹೋಗುವವರಿಗೆ ನೀರು ಬೆಚ್ಚಗೆ ಸಿಗುತ್ತದೆ, ಏಕೆಂದರೆ ಬೇಸಿಗೆಯ ಕಾವು ಸಮುದ್ರದಲ್ಲಿ ಅಕ್ಟೋಬರ್‌ವರೆಗೂ ಉಳಿದಿರುತ್ತದೆ. ಆದರೆ ಆ ದಿನಗಳಲ್ಲೇ ಕ್ಲಬ್‌ಗಳ ಸೀಸನ್ ಮುಗಿಯುವ ದೊಡ್ಡ ಪಾರ್ಟಿಗಳೂ ನಡೆಯುವುದರಿಂದ ಪ್ಲಾಯಾ ದೆನ್ ಬೊಸ್ಸಾ ಕಡೆ ಸುಳಿಯದಿರುವುದು ಲೇಸು. ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪಾಡು ಬೇರೆ. ಅಲ್ಲಿನ ಶಾಲೆಗಳ ದೊಡ್ಡ ರಜೆ ಬೀಳುವುದು ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ, ದ್ವೀಪ ಅತಿ ದುಬಾರಿಯಾಗಿ ತುಂಬಿ ತುಳುಕುವ ಹೊತ್ತಿನಲ್ಲಿ. ಅವರು ಮೇ ಕೊನೆಯ ವಾರದ ಚಿಕ್ಕ ರಜೆಯನ್ನು ಬಳಸಿಕೊಳ್ಳುವುದೇ ಜಾಣತನ. ಲಂಡನ್ನಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ.

ಭಾರತದಿಂದ ನೇರ ವಿಮಾನವಿಲ್ಲ. ಮ್ಯಾಡ್ರಿಡ್, ಬಾರ್ಸಿಲೋನಾ ಅಥವಾ ಯುರೋಪಿನ ಬೇರೊಂದು ನಗರದಲ್ಲಿ ವಿಮಾನ ಬದಲಿಸಬೇಕು. ಬಾರ್ಸಿಲೋನಾದಿಂದ ಇಬಿಜಾಕ್ಕೆ ಒಂದು ಗಂಟೆ. ಮಕ್ಕಳಿಗೆ ಹಡಗಿನ ಪ್ರಯಾಣದ ಆಸೆಯಿದ್ದರೆ ಬಾರ್ಸಿಲೋನಾ, ವಲೆನ್ಸಿಯಾ, ದೇನಿಯಾ ಬಂದರುಗಳಿಂದ ಫೆರಿಗಳಿವೆ. ದೇನಿಯಾದಿಂದ ಹೋಗುವುದೇ ಹತ್ತಿರದ ದಾರಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಸ್ಪೇನ್ ವೀಸಾ ಅರ್ಜಿ ಕೇಂದ್ರ ಬೆಂಗಳೂರಿನಲ್ಲೂ ಇದೆ. 2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೊ. 6 ವರ್ಷ ತುಂಬದ ಮಕ್ಕಳಿಗೆ ಉಚಿತ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ ಹದಿನೈದು ದಿನ ಮೊದಲಾದರೂ ಹಾಕಿರಬೇಕು. 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಏಪ್ರಿಲ್‌, ಮೇ ತಿಂಗಳ ಪ್ರವಾಸಕ್ಕೆ ಜನವರಿಯಲ್ಲೇ ಸಮಯ ಕಾಯ್ದಿರಿಸದಿದ್ದರೆ ಕೊನೆಗೆ ಪರದಾಟ ಖಚಿತ. ಬ್ರಿಟನ್ನಿನಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೂ ಈ ವೀಸಾ ಬೇಕೇ ಬೇಕು. ಜರ್ಮನಿ, ನೆದರ್ಲೆಂಡ್ಸ್‌ನಂತಹ ಷೆಂಗೆನ್ ದೇಶಗಳ ವಾಸದ ಪರವಾನಗಿ ಇದ್ದವರಿಗೆ ಬೇಡ.

ದ್ವೀಪದಲ್ಲಿ ತಂಗುವವರು ಹೋಟೆಲ್ ಬಾಡಿಗೆಯ ಜೊತೆಗೆ ಪ್ರವಾಸಿ ತೆರಿಗೆಯೊಂದನ್ನೂ ಕಟ್ಟಬೇಕು. 2016ರಲ್ಲಿ ಆರಂಭವಾದ ಈ ತೆರಿಗೆಗೆ ಹೋಟೆಲಿನ ದರ್ಜೆಗೆ ತಕ್ಕಂತೆ ತಲೆಗೆ, ರಾತ್ರಿಗೆ ಇಷ್ಟು ಎಂಬ ಲೆಕ್ಕ. 16 ವರ್ಷದೊಳಗಿನವರಿಗೆ ವಿನಾಯಿತಿ.

ಕಾರು ಬಾಡಿಗೆಗೆ ಪಡೆಯುವವರು ಹೊರಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು. ಅಲ್ಲಿ ರಸ್ತೆಯ ಬಲಬದಿಯ ಸಂಚಾರ. 135 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳು ಹಿಂದಿನ ಸೀಟಿನಲ್ಲಿ, ಅವರ ಗಾತ್ರಕ್ಕೆ ತಕ್ಕ ಮಕ್ಕಳ ಸೀಟಿನಲ್ಲೇ ಕೂರಬೇಕೆಂಬುದು ಸ್ಪೇನಿನ ಕಾನೂನು. ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು, ನಡೆಯಲೂಬಾರದು. ಮಕ್ಕಳ ಸೀಟನ್ನು ಕಾರಿನ ಜೊತೆಗೇ ಮುಂಗಡವಾಗಿ ಕೇಳಿಟ್ಟಿರಬೇಕು. 2025ರಿಂದ ಬೇಸಿಗೆಯ ತಿಂಗಳುಗಳಲ್ಲಿ ದ್ವೀಪಕ್ಕೆ ಹೊರಗಿನಿಂದ ಬರುವ ವಾಹನಗಳಿಗೂ ಬಾಡಿಗೆ ಕಾರುಗಳಿಗೂ ಮಿತಿ ಹೇರಲಾಗಿದೆ. ಹಾಗಾಗಿ ಕೊನೆ ಗಳಿಗೆಯಲ್ಲಿ ಕಾರು ಸಿಗುವ ಭರವಸೆಯಿಲ್ಲ. ಮುಖ್ಯ ಊರುಗಳ ನಡುವೆ ಬಸ್ಸುಗಳಿವೆ. ಸಾನ್ ಆಂತೋನಿಯೋದಿಂದ ಕಾಲಾ ಬಾಸ್ಸಾ ದಂಡೆಗೆ ಹೋಗುವ ದೋಣಿ ಮಕ್ಕಳಿಗೆ ಬಸ್ಸಿಗಿಂತ ಖುಷಿ ಕೊಡುತ್ತದೆ.

ಇಬಿಜಾದ ನೀರು ಗಾಜಿನಂತೆ ತಿಳಿಯಾಗಿರುವುದಕ್ಕೆ ಒಂದು ಗಿಡ ಕಾರಣ. ದಂಡೆಯ ಅಂಚಿನಲ್ಲಿ ಕಂದುಬಣ್ಣದ ರಿಬ್ಬನ್ನಿನಂತಹ ಎಲೆಗಳ ದಿಬ್ಬ ಬಿದ್ದಿರುತ್ತದೆ; ಹೊಸಬರು ಕಸವೆಂದು ಮೂಗು ಮುರಿಯುತ್ತಾರೆ. ಅದರ ನಡುವೆ ನಿಂಬೆಹಣ್ಣಿನ ಗಾತ್ರದ, ತೆಂಗಿನ ನಾರನ್ನು ಉಂಡೆ ಕಟ್ಟಿದಂತಿರುವ ಚೆಂಡುಗಳು ಉರುಳಾಡುತ್ತವೆ. ಮಗುವಿನ ಕೈಗೆ ಕೊಟ್ಟರೆ ಹಗುರ, ಒತ್ತಿದರೆ ಮೆತ್ತಗೆ, ಮೂಸಿದರೆ ಉಪ್ಪಿನ ವಾಸನೆ. ಅದು ಪೊಸಿಡೋನಿಯಾ ಎಂಬ ಕಡಲಹುಲ್ಲಿನ ನಾರು. ಪೊಸಿಡೋನಿಯಾ ಪಾಚಿಯಲ್ಲ. ಬೇರು, ಎಲೆ, ಹೂವು, ಹಣ್ಣು ಎಲ್ಲವೂ ಇರುವ ನಿಜವಾದ ಗಿಡ, ಇಲ್ಲಿನ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಬೆಳೆಯುವುದಿಲ್ಲ. ನೀರಿನ ಹೂಳನ್ನು ಹಿಡಿದಿಟ್ಟು ತಿಳಿಗೊಳಿಸುತ್ತದೆ, ಮೀನಿನ ಮರಿಗಳಿಗೆ ಮನೆಯಾಗುತ್ತದೆ. ಒಣಗಿದ ಎಲೆಯ ದಿಬ್ಬವೂ ಚಳಿಗಾಲದ ಅಲೆಗಳಿಗೆ ಅಡ್ಡನಿಂತು ಮರಳು ಕೊಚ್ಚಿಹೋಗದಂತೆ ತಡೆಯುತ್ತದೆ. 2006ರಲ್ಲಿ ಇಬಿಜಾ ಮತ್ತು ಫೊರ್ಮೆಂತೇರಾ ನಡುವೆ ಎಂಟು ಕಿಲೋಮೀಟರ್ ಉದ್ದಕ್ಕೆ ಹಬ್ಬಿದ, ಒಂದೇ ಗಿಡದ ಕುಡಿಗಳೆಂದು ಸಾಬೀತಾದ ಪೊಸಿಡೋನಿಯಾ ಪತ್ತೆಯಾಯಿತು. ಅದರ ವಯಸ್ಸು ಒಂದು ಲಕ್ಷ ವರ್ಷದಷ್ಟಿರಬಹುದೆಂದು ಅಂದಾಜು. ದೋಣಿಗಳು ಅದರ ಮೇಲೆ ಲಂಗರು ಹಾಕದಂತೆ 2018ರಲ್ಲಿ ಬಾಲಿಯಾರಿಕ್ ಸರ್ಕಾರ ನಿಯಮ ಮಾಡಿತು. ಈಜುಕನ್ನಡಕ ಹಾಕಿಕೊಂಡು ಮುಖ ಮುಳುಗಿಸಿದರೆ ಗಾಳಿಗೆ ಬತ್ತದ ಗದ್ದೆ ತೂಗುವಂತೆ ಆ ಹುಲ್ಲು ತೂಗುವುದು ಕಾಣುತ್ತದೆ. ನಾರಿನ ಚೆಂಡನ್ನು ಆಡಿ ಅಲ್ಲೇ ಬಿಟ್ಟುಬರುವಂತೆ ಮಕ್ಕಳಿಗೆ ಹೇಳಬೇಕು.

ದಂಡೆಯ ಬಾವುಟಗಳನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ಹಸಿರಿದ್ದರೆ ನೀರಿಗಿಳಿಯಬಹುದು, ಹಳದಿಗೆ ಎಚ್ಚರ, ಕೆಂಪಿದ್ದರೆ ಇಳಿಯುವಂತಿಲ್ಲ. ತುರ್ತು ಕರೆಗೆ ಸಂಖ್ಯೆ 112. ನಲ್ಲಿ ನೀರಿಗೆ ಉಪ್ಪಿನ ರುಚಿ, ಅಲ್ಲಿನವರೂ ಕುಡಿಯಲು ಬಾಟಲಿ ನೀರನ್ನೇ ಕೊಳ್ಳುತ್ತಾರೆ.

ಸಮುದ್ರಕ್ಕೆ ಬೇಸತ್ತ ದಿನ, ಅಥವಾ ಬೇಸರವಾಗುವ ಮೊದಲೇ, ದಾಲ್ತ್ ವಿಲಾಕ್ಕೆ ಒಂದು ಬೆಳಗು ಮೀಸಲಿಡಬೇಕು. ಹಾಗೆಂದರೆ ಮೇಲಿನ ಊರು, ಇಬಿಜಾ ಪಟ್ಟಣದ ಕೋಟೆ. 16ನೇ ಶತಮಾನದಲ್ಲಿ, ತುರ್ಕರ ನೌಕಾಪಡೆ ಮೆಡಿಟರೇನಿಯನ್ನನ್ನು ನಡುಗಿಸುತ್ತಿದ್ದ ಕಾಲದಲ್ಲಿ, ಇಟಲಿಯ ಎಂಜಿನಿಯರ್ ಜಿಯೊವಾನಿ ಬಾಟಿಸ್ಟಾ ಕಾಲ್ವಿ ಇದರ ಗೋಡೆಗಳನ್ನು ವಿನ್ಯಾಸಗೊಳಿಸಿದ. ಫಿರಂಗಿ ಗುಂಡು ನೇರವಾಗಿ ಬಡಿಯದಂತೆ ಗೋಡೆಗಳು ಓರೆಯಾಗಿವೆ, ಬುರುಜುಗಳು ಈಟಿಮೊನೆಯಂತೆ ಹೊರಕ್ಕೆ ಚಾಚಿವೆ. ಪೋರ್ತಾಲ್ ದೆ ಸೆಸ್ ತಾವ್ಲೆಸ್ ಎಂಬ ಹೆಬ್ಬಾಗಿಲನ್ನು ಸೇತುವೆಯ ಮೇಲೆ ಹಾದು ಪ್ರವೇಶಿಸುವಾಗ ಎರಡು ಪಕ್ಕ ತಲೆಯಿಲ್ಲದ ರೋಮನ್ ಪ್ರತಿಮೆಗಳು ನಿಂತಿರುತ್ತವೆ. ಒಳಗೆಲ್ಲ ಕಲ್ಲುಹಾಸಿನ ಏರು. ಕೈಗಾಡಿ ಒಯ್ದರೆ ತಂದೆತಾಯಿಯ ಸೊಂಟ ಉಳಿಯದು, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲವೇ ಸರಿ. ನೆತ್ತಿಯ ಮೇಲಿನ ಕೆಥೆಡ್ರಲ್ ಪಕ್ಕದಿಂದ ಫೊರ್ಮೆಂತೇರಾ ದ್ವೀಪ ಕಾಣುತ್ತದೆ. ಹತ್ತು ಗಂಟೆಗೆ ಮೊದಲು ಅಥವಾ ಸಂಜೆ ಏಳರ ನಂತರ ಹತ್ತಬೇಕು. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9.20ರ ಹೊತ್ತಿಗೆ.

ಬಂದರಿನಲ್ಲಿ ಕಣ್ಣಿಗೆ ಬೀಳುವ ಕಲ್ಲಿನ ಸ್ತಂಭದ ಕತೆಯನ್ನು ಮಕ್ಕಳಿಗೆ ಹೇಳದೆ ಬರಬಾರದು. ಅರಸನ ಪರವಾನಗಿ ಪಡೆದು ಶತ್ರು ಹಡಗುಗಳನ್ನು ಬೇಟೆಯಾಡುತ್ತಿದ್ದ ಇಬಿಜಾದ ನಾವಿಕರ ನೆನಪಿಗೆ ನಿಲ್ಲಿಸಿದ್ದು ಅದು. ಅವರಲ್ಲೊಬ್ಬ ಆಂತೋನಿ ರಿಕೇರ್, 1806ರಲ್ಲಿ ತನ್ನ ಹಡಗಿಗಿಂತ ದೊಡ್ಡದಾಗಿದ್ದ, ಬ್ರಿಟಿಷ್ ಬಾವುಟದ ಫೆಲಿಸಿಟಿ ಎಂಬ ಹಡಗನ್ನು ಇದೇ ಬಂದರಿನೆದುರು ಸೆರೆಹಿಡಿದ.

ಕೋಟೆಗೆ ಕೂಗಳತೆಯಲ್ಲಿ ಪುಚ್ ದೆಸ್ ಮೊಲಿನ್ಸ್ ಇದೆ. ಆಲಿವ್ ಮರಗಳ ಗುಡ್ಡ, ಅದರಡಿ ಬಂಡೆ ಕೊರೆದು ಮಾಡಿದ ಮೂರು ಸಾವಿರಕ್ಕೂ ಹೆಚ್ಚು ಗೋರಿಗಳು. ಫಿನಿಷಿಯನ್ನರೂ ಅವರ ನಂತರ ಬಂದ ಕಾರ್ಥೇಜಿನವರೂ ತಮ್ಮವರನ್ನು ಮಲಗಿಸಿದ ಜಾಗ. ಕೆಲವು ನೆಲಮಾಳಿಗೆಗಳೊಳಗೆ ಇಳಿದು ನೋಡಬಹುದು. ಎಂಟು ಹತ್ತು ವಯಸ್ಸಿನವರಿಗೆ ಇದಕ್ಕಿಂತ ರೋಮಾಂಚನದ ಮ್ಯೂಸಿಯಂ ಬೇರೆ ಬೇಡ. ಇಲ್ಲೇ ಸಿಕ್ಕ ತಾನಿತ್ ದೇವಿಯ ಮಣ್ಣಿನ ಮೂರ್ತಿ ದ್ವೀಪದ ಗುರುತೇ ಆಗಿಬಿಟ್ಟಿದೆ. ದಾಲ್ತ್ ವಿಲಾ, ಈ ಗೋರಿಗುಡ್ಡ, ಸಾ ಕಲೇತಾದ ಫಿನಿಷಿಯನ್ ನೆಲೆ, ಪೊಸಿಡೋನಿಯಾ ಹುಲ್ಲುಗಾವಲು ಎಲ್ಲವನ್ನೂ ಸೇರಿಸಿ ಯುನೆಸ್ಕೊ 1999ರಲ್ಲಿ ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಅದರ ನೆನಪಿಗೆ ಪ್ರತಿ ವರ್ಷ ಮೇ ಎರಡನೆಯ ವಾರಾಂತ್ಯದಲ್ಲಿ ಕೋಟೆಯೊಳಗೆ ಮಧ್ಯಯುಗದ ಜಾತ್ರೆ ಕೂಡುತ್ತದೆ. ಬೇಸಿಗೆ ರಜೆಯಲ್ಲಿ ಹೋಗುವ ಕನ್ನಡ ಕುಟುಂಬಗಳಿಗೆ ಇದು ಹೇಳಿ ಮಾಡಿಸಿದ ದಿನ.

ವಿಮಾನ ನಿಲ್ದಾಣದ ಪಕ್ಕದಲ್ಲೇ ಸೆಸ್ ಸಾಲಿನೆಸ್, ಉಪ್ಪಿನ ಆಗರಗಳು. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರ ಕಂಡವರಿಗೆ ಇದರ ಲೆಕ್ಕಾಚಾರ ವಿವರಿಸಬೇಕಿಲ್ಲ. ಮಡಿಯಿಂದ ಮಡಿಗೆ ನೀರು ಹಾಯಿಸಿ, ಬಿಸಿಲಿಗೆ ಬಿಟ್ಟು, ಹರಳು ಕಟ್ಟಿದ ಮೇಲೆ ಗುಡ್ಡೆ ಹಾಕುವ ಅದೇ ಹಳೆಯ ವಿದ್ಯೆ. ಫಿನಿಷಿಯನ್ನರ ಕಾಲದಿಂದ ಇಲ್ಲಿ ನಡೆದುಬಂದಿದೆ, ಇಂದಿಗೂ ನಿಂತಿಲ್ಲ. ಪ್ರವಾಸಿಗರು ಬರುವ ಮೊದಲು ಈ ದ್ವೀಪಕ್ಕೆ ಹಣ ತರುತ್ತಿದ್ದದ್ದೇ ಉಪ್ಪು. ಉಪ್ಪು ಗಾಢವಾದ ಮಡಿಗಳಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯ ಕೊನೆಗೆ ಫ್ಲೆಮಿಂಗೊ, ಅಂದರೆ ನಮ್ಮ ರಾಜಹಂಸಗಳು ಇಳಿಯುತ್ತವೆ. ದಸರಾ ರಜೆಯವರಿಗೆ ಇವು ಕಾಣುವ ಸಂಭವ ಹೆಚ್ಚು. ಒಂದು ದುರ್ಬೀನು ಚೀಲದಲ್ಲಿರಲಿ.

ಉತ್ತರದ ಪೋರ್ತ್ ದೆ ಸಾಂತ್ ಮಿಕೆಲ್ ಬಳಿಯ ಕಾನ್ ಮಾರ್ಸಾ ಗುಹೆಯನ್ನು ಒಂದು ಕಾಲದಲ್ಲಿ ಕಳ್ಳಸಾಗಣೆದಾರರು ಬಳಸುತ್ತಿದ್ದರು. ಅವರು ಬಂಡೆಯ ಮೇಲೆ ಬಳಿದ ದಾರಿಗುರುತುಗಳು ಇನ್ನೂ ಇವೆ. ಒಳಗೆ ಬೆಳಕು, ಸಂಗೀತದೊಂದಿಗೆ ನೀರು ಧುಮುಕಿಸಿ ತೋರಿಸುತ್ತಾರೆ. ಸಾನ್ ಆಂತೋನಿಯೋ ಹತ್ತಿರದ ಕಾಪ್ ಬ್ಲಾಂಕ್ ಮತ್ಸ್ಯಾಲಯವೂ ಸಮುದ್ರದಂಚಿನ ಸಹಜ ಗುಹೆಯೊಳಗೇ ಇದೆ. ಹಿಂದೆ ಅಲ್ಲಿ ಮಾರಾಟಕ್ಕೆ ಹಿಡಿದ ಕಡಲಸಿಗಡಿಗಳನ್ನು ಜೀವಂತ ಇಡುತ್ತಿದ್ದರಂತೆ.

ಈಗ ಕುಣಿತದ ಮಾತು. ಇಬಿಜಾದ ಹಳೆಯ ಕುಣಿತಕ್ಕೆ ಮಧ್ಯರಾತ್ರಿಯವರೆಗೆ ಕಾಯಬೇಕಿಲ್ಲ, ಟಿಕೆಟ್ಟಿಗೆ ದುಡ್ಡು ಸುರಿಯಬೇಕಿಲ್ಲ. ಅದರ ಹೆಸರು ಬಾಲ್ ಪಜೆಸ್, ರೈತರ ಕುಣಿತ. ಹಳ್ಳಿಯ ಹಬ್ಬಗಳಲ್ಲಿ, ಬಾವಿಕಟ್ಟೆಗಳ ಬಳಿ, ಚರ್ಚಿನ ಅಂಗಳಗಳಲ್ಲಿ ನಡೆಯುತ್ತದೆ. ಸಾಂತ್ ಮಿಕೆಲ್ ಹಳ್ಳಿಯ ಗುಡ್ಡದ ಮೇಲಿನ ಚರ್ಚಿನಂಗಳದಲ್ಲಿ ಪ್ರವಾಸಿ ಸೀಸನ್‌ನಲ್ಲೂ ಪ್ರದರ್ಶನಗಳಿರುತ್ತವೆ. ವಾದ್ಯಗಾರ ಒಬ್ಬನೇ: ಎಡಗೈಯಲ್ಲಿ ಕಣಗಿಲೆ ಮರದಿಂದ ಕೊರೆದ ಪುಟ್ಟ ಕೊಳಲು, ಅದೇ ತೋಳಿಗೆ ತೂಗುಹಾಕಿದ ಡೋಲು, ಬಲಗೈಯಲ್ಲಿ ಕೋಲು. ಗಂಡಸಿನ ಕೈಯಲ್ಲಿ ಅಂಗೈ ತುಂಬುವಷ್ಟು ದೊಡ್ಡ, ಜುನಿಪರ್ ಮರದ ಕೆತ್ತನೆಯ ಚಿಟಿಕೆಗಳು. ಅವನ್ನು ಟಕಟಕನೆ ಬಡಿಯುತ್ತಾ ಅವನು ತಲೆಯೆತ್ತರಕ್ಕೆ ಕಾಲು ಚಿಮ್ಮಿ ಹಾರುತ್ತಾನೆ. ಹೆಣ್ಣು ಕಣ್ಣು ತಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ನೆಲದ ಮೇಲೆ ಜಾರುವಂತೆ ವೃತ್ತ ಬಿಡಿಸುತ್ತಾ ಹೋಗುತ್ತಾಳೆ. ಎದೆಯ ಮೇಲೆ ಎಂಪ್ರೆಂದಾದಾ ಎಂಬ ಸಾಲುಸಾಲಿನ ಚಿನ್ನದ ಸರ. ನಮ್ಮ ಅಜ್ಜಿಯಂದಿರ ಕಾಸಿನಸರ ಕಂಡ ಮಗು ಅದನ್ನು ತಟ್ಟನೆ ಗುರುತು ಹಿಡಿಯುತ್ತದೆ. ಗಂಡು ಅವಳಿಗೆ ಬೆನ್ನು ತೋರಿಸುವಂತಿಲ್ಲ. ಇಬಿಜಾದಲ್ಲಿ ನೋಡಲೇಬೇಕಾದ ಒಂದೇ ಕುಣಿತ ಯಾವುದೆಂದು ಕೇಳಿದರೆ ಇದು.

ಹೊಸ ಕುಣಿತದ ಕತೆಯೂ ಹದಿಹರೆಯದವರಿಗೆ ಹೇಳುವಂಥದ್ದೇ. 1960ರ ದಶಕದಲ್ಲಿ ಬಂದ ಹಿಪ್ಪಿಗಳಲ್ಲಿ ಹಲವರು ಬೇಸಿಗೆಯನ್ನು ಇಬಿಜಾದಲ್ಲೂ ಚಳಿಗಾಲವನ್ನು ಗೋವಾದಲ್ಲೂ ಕಳೆಯುತ್ತಿದ್ದರು. ಗೋವಾದಿಂದ ಗೋಕರ್ಣದ ಓಂ ಬೀಚಿನವರೆಗೆ ಹರಿದುಬಂದದ್ದೂ ಅದೇ ಅಲೆ. ಹಳೆಯ ತೋಟದ ಮನೆಯೊಂದರಲ್ಲಿ 1976ರಲ್ಲಿ ಶುರುವಾದ ಅಮ್ನೇಸಿಯಾದಲ್ಲಿ ಅರ್ಜೆಂಟೀನಾದಿಂದ ಬಂದ ಡಿಜೆ ಆಲ್ಫ್ರೆದೊ, ರಾಕ್, ಪಾಪ್, ಹೌಸ್, ಜ್ಯಾಝ್ ಎಂಬ ಭೇದವಿಲ್ಲದೆ ಬೆಳಗಿನ ಜಾವದವರೆಗೆ ಬೆಸೆದು ನುಡಿಸುತ್ತಿದ್ದ. 1987ರ ಬೇಸಿಗೆಯಲ್ಲಿ ಲಂಡನ್ನಿನ ಪಾಲ್ ಓಕನ್‌ಫೋಲ್ಡ್, ಡ್ಯಾನಿ ರ‍್ಯಾಂಪ್ಲಿಂಗ್ ಸೇರಿ ನಾಲ್ವರು ಅದನ್ನು ಕೇಳಿ ಬೆರಗಾಗಿ ಊರಿಗೆ ಹೊತ್ತೊಯ್ದರು. ಬ್ರಿಟನ್ನಿನ ಡಾನ್ಸ್ ಸಂಗೀತದ ದಿಕ್ಕು ಅಲ್ಲಿಂದ ಬದಲಾಯಿತು. ಕ್ಲಬ್‌ಗಳ ಒಳಗೆ 18 ತುಂಬದವರಿಗೆ ಪ್ರವೇಶವಿಲ್ಲ. ಆದರೆ ಸಾನ್ ಆಂತೋನಿಯೋ ದಂಡೆಯಲ್ಲಿ 1980ರಿಂದ ಇರುವ ಕಾಫೆ ದೆಲ್ ಮಾರ್ ಸೂರ್ಯಾಸ್ತಕ್ಕೆ ಹೊಂದುವ ಸಂಗೀತ ನುಡಿಸುವುದಕ್ಕೇ ಹೆಸರಾದದ್ದು. ಅದರೆದುರಿನ ಬಂಡೆಗಳ ಮೇಲೆ ಯಾರು ಬೇಕಾದರೂ ಬಿಡಿಗಾಸು ಕೊಡದೆ ಕೂತು ಕೇಳಬಹುದು.

ಹಿಪ್ಪಿಗಳ ಕಾಲದ ಸಂತೆಗಳೂ ಉಳಿದಿವೆ. ಎಸ್ ಕನಾರ್ ಊರಿನ ಪುಂತಾ ಅರಬೀ ಸಂತೆ 1973ರಿಂದ ಬುಧವಾರಗಳಂದು, ಸಾನ್ ಕಾರ್ಲೋಸ್ ಹಳ್ಳಿಯ ಲಾಸ್ ದಾಲಿಯಾಸ್ ಶನಿವಾರಗಳಂದು. ಮಕ್ಕಳಿಗೆ ಮೊದಲನೆಯದು ಹಿಡಿಸುತ್ತದೆ, ಕೈಕೆಲಸದ ವಸ್ತುಗಳನ್ನು ಪ್ರೀತಿಸುವವರಿಗೆ ಎರಡನೆಯದು.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಸ್ವಲ್ಪ ಇದ್ದೇ ಇದೆ. ಸ್ಪೇನಿನಲ್ಲಿ ವೆಜೆತಾಲ್ ಎಂಬ ಹೆಸರಿನ ಸ್ಯಾಂಡ್‌ವಿಚ್ಚಿನಲ್ಲಿ ಟ್ಯೂನಾ ಮೀನು, ಮೊಟ್ಟೆ ಇರುವುದು ಮಾಮೂಲು. ಮಿಶ್ರ ಸಲಾಡಿನ ಮೇಲೂ ಟ್ಯೂನಾ ಬರುತ್ತದೆ. ಎನ್ಸಾಯ್ಮಾದಾ ಎಂಬ ಸುರುಳಿ ಸಿಹಿರೊಟ್ಟಿಯ ಹೆಸರಿನಲ್ಲೇ ಹಂದಿಯ ಕೊಬ್ಬಿದೆ. ಕಟಲಾನ್‌ನಲ್ಲಿ ಸಾಯಿಮ್ ಎಂದರೆ ಅದೇ. ಮಾಂಸ ಬೇಡ ಎಂದರೆ ಹಂದಿಯ ಹಾಮೋನ್ ಅದರಲ್ಲಿ ಸೇರಿಲ್ಲವೆಂದು ತಿಳಿಯುವವರೂ ಇದ್ದಾರೆ. ಆದ್ದರಿಂದ ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್ ಎಂದು ಬಿಡಿಸಿ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಹಾಮೋನ್ ಬೇಡ ಎಂದು. ನಿಶ್ಚಿಂತೆಯಿಂದ ತಿನ್ನಬಹುದಾದವು ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಹಾಕಿದ ರೊಟ್ಟಿ, ಹುರಿದು ಉಪ್ಪುದುರಿಸಿದ ಪಾದ್ರೋನ್ ಹಸಿಮೆಣಸಿನಕಾಯಿ, ಗಾಸ್ಪಾಚೊ ಎಂಬ ತಣ್ಣನೆಯ ಟೊಮೆಟೊ ಸಾರು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೋರ್ತಿಯಾ ಎಲ್ಲೆಲ್ಲೂ ಸಿಗುತ್ತದೆ. ದ್ವೀಪದ್ದೇ ಆದ ಸಿಹಿ ಫ್ಲಾಒ. ಹಸಿ ಚೀಸ್ ಮತ್ತು ಪುದೀನದ ಜೋಡಿ ನಮ್ಮ ನಾಲಿಗೆಗೆ ಹೊಸದು, ರುಚಿ ಹಿಡಿಸುತ್ತದೆ. ಮೀನು ತಿನ್ನುವ ಕರಾವಳಿಯವರಿಗೆ ಬುಯಿತ್ ದೆ ಪೇಶ್ ಬಿಟ್ಟುಬರುವಂತಿಲ್ಲ. ಮೊದಲು ಆಲೂಗಡ್ಡೆಯೊಂದಿಗೆ ಬೇಯಿಸಿದ ಮೀನು, ಆಮೇಲೆ ಅದೇ ಸಾರಿನಲ್ಲಿ ಬೆಂದ ಅನ್ನ.

ಊಟದ ಹೋಟೆಲುಗಳಲ್ಲಿ ರಾತ್ರಿಯೂಟ ಹೆಚ್ಚಾಗಿ ಎಂಟರ ನಂತರವೇ ಶುರು. ಚಿಕ್ಕ ಮಕ್ಕಳಿರುವವರು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ನೆಮ್ಮದಿ. ಬೆಂದ ಕಡಲೆಕಾಳು ಗಾಜಿನ ಶೀಶೆಯಲ್ಲಿ, ಅಕ್ಕಿ, ಮೊಸರು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ಆದರೆ ತುಪ್ಪ, ಪೇಡದಂತಹ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ತರುವುದು ನಿಷಿದ್ಧ. ಹಸಿ ಕರಿಬೇವಿನ ಸೊಪ್ಪನ್ನೂ ಮನೆಯಲ್ಲೇ ಬಿಡಬೇಕು.

ಏಳು ದಿನ ಇರುವವರು ಒಂದು ದಿನವನ್ನು ಫೊರ್ಮೆಂತೇರಾಕ್ಕೆ ಕೊಡಲಿ. ಅರ್ಧ ಗಂಟೆಯ ಫೆರಿ, ಇಳಿದಲ್ಲೇ ಬಾಡಿಗೆ ಸೈಕಲ್ಲು, ಉಪ್ಪಿನ ಮಡಿಗಳ ಪಕ್ಕದಲ್ಲೇ ಸೆಸ್ ಇಯೇತೆಸ್ ದಂಡೆ. ಇಳಿಜಾರಿಲ್ಲದ ದಾರಿಯಾದ್ದರಿಂದ ಹತ್ತು ವರ್ಷದ ಮಗುವೂ ತುಳಿಯಬಲ್ಲದು.

ಹಳೆಯ ಬಂಡೆಗೋಡೆಗಳ ಮೇಲೆ ಹಸಿರು, ನೀಲಿ ಹೊಳಪಿನ ಹಲ್ಲಿಗಳು ಬಿಸಿಲು ಕಾಯುತ್ತಿರುತ್ತವೆ. ಸಾರ್ಗಂತಾನಾ ಎಂಬ ಇವು ಈ ದ್ವೀಪಗಳ ಸ್ವಂತ ತಳಿ. ಇಬಿಜಾದ ಮಣ್ಣಿಗೆ ಹಾವು ಹತ್ತಿರ ಬಾರದು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದ. ನಿಜವಾಗಿಯೂ ಇಲ್ಲಿ ಹಾವುಗಳಿರಲಿಲ್ಲ. ಸುಮಾರು ಎರಡು ದಶಕಗಳ ಹಿಂದೆ, ಬಂಗಲೆಗಳ ಅಂದಕ್ಕೆಂದು ಸ್ಪೇನಿನ ಮುಖ್ಯ ನೆಲದಿಂದ ತಂದ ಹಳೆಯ ಆಲಿವ್ ಮರಗಳ ಪೊಟರೆಗಳಲ್ಲಿ ಕೂತು ಅವು ಬಂದವು. ಮನುಷ್ಯರಿಗೆ ಅಪಾಯವಿಲ್ಲ, ಆದರೆ ಹಲ್ಲಿಗಳು ಅನೇಕ ಕಡೆ ನಾಮಾವಶೇಷವಾಗಿವೆ. ಬೆಸ್ ಕೈಯಲ್ಲಿ ಹಿಡಿದಿದ್ದ ಹಾವು ಕೊನೆಗೂ ದ್ವೀಪದಲ್ಲಿ ಬಿಡುಗಡೆಯಾದಂತಾಗಿದೆ.

ಪ್ರವಾಸದ ಭಾರ ಮನುಷ್ಯರ ಮೇಲೂ ಬಿದ್ದಿದೆ. ಮನೆ ಬಾಡಿಗೆ ಗಗನಕ್ಕೇರಿ, ಹೋಟೆಲುಗಳಲ್ಲಿ ದುಡಿಯುವವರೇ ಡೇರೆ, ವ್ಯಾನುಗಳಲ್ಲಿ ವಾಸಿಸುವ ಸ್ಥಿತಿ ಬಂದಿದೆ. 2024ರ ಬೇಸಿಗೆಯಲ್ಲಿ ಅಂಥದೊಂದು ಬಿಡಾರವನ್ನು ತೆರವುಗೊಳಿಸಿದಾಗ ಮಕ್ಕಳಿದ್ದ ಕುಟುಂಬಗಳೂ ಬೀದಿಗೆ ಬಿದ್ದವು. ಎಸ್ ವೆದ್ರಾ ಎಂಬ, ಸಮುದ್ರದಿಂದ ಸುಮಾರು 400 ಮೀಟರ್ ಎದ್ದುನಿಂತ ಬಂಡೆದ್ವೀಪದ ಸೂರ್ಯಾಸ್ತ ನೋಡಲು ನುಗ್ಗುವ ಕಾರುಗಳಿಂದ ರೋಸಿಹೋದ ಜಮೀನುದಾರರು 2025ರಲ್ಲಿ ದಾರಿಗೆ ಕಲ್ಲುಗಳನ್ನಿಟ್ಟು ನಿಲುಗಡೆಯನ್ನೇ ಮುಚ್ಚಿದರು. ಆ ಬಂಡೆಯನ್ನು ಕೆಳಗಿನ ಕಾಲಾ ದೋರ್ತ್ ದಂಡೆಯಿಂದಲೂ ಚೆನ್ನಾಗಿ ನೋಡಬಹುದು.

ಊರಿನವರಿಗೆ ಸಿಗಬೇಕಾದ ಎಷ್ಟೋ ಮನೆಗಳು ಪರವಾನಗಿಯಿಲ್ಲದೆ ಪ್ರವಾಸಿಗರ ಪಾಲಾಗುತ್ತಿವೆ. ಕಾನೂನುಬದ್ಧ ಬಾಡಿಗೆ ಮನೆಗೆ ನೋಂದಣಿ ಸಂಖ್ಯೆ ಇರುತ್ತದೆ, ಜಾಹೀರಾತಿನಲ್ಲಿ ಅದನ್ನು ನಮೂದಿಸಿರಬೇಕು. ಮುಂಗಡ ಕಳಿಸುವ ಮುನ್ನ ಆ ಸಂಖ್ಯೆಯನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಆ ಮನೆ ಬೇಡ.